ಹಿಂದಿನ ಡ್ರೈವರ್‌ಗೆ ವಾಪಸ್: ಒಂದು ಪುಟ್ಟ ಗುಂಡಿಯ ಚರಿತ್ರೆ

ಡ್ರೈವರ್ ಅಂದ ಕೂಡಲೇ ಊರಿನ ಬಸ್ ಡ್ರೈವರ್ ನೆನಪಾದರೆ ತಪ್ಪೇನಿಲ್ಲ. ಕಂಪ್ಯೂಟರಿನೊಳಗೂ ಅವನಂಥವರೇ ಕೂತಿರುತ್ತಾರೆ. ಪರದೆ, ಪ್ರಿಂಟರ್, ಧ್ವನಿ ಕಾರ್ಡು ಒಂದೊಂದನ್ನೂ ಓಡಿಸಲು ಒಂದೊಂದು ತಂತ್ರಾಂಶ, ಅದೇ ಡ್ರೈವರ್. ಬಸ್ಸು ಅದೇ, ರಸ್ತೆ ಅದೇ ಆದರೂ ಡ್ರೈವರ್ ಬದಲಾದರೆ ಪ್ರಯಾಣವೇ ಬೇರೆ ತಾನೇ? ಇಲ್ಲೂ ಹಾಗೆಯೇ. ಹೊಸ ಡ್ರೈವರ್ ಬಂದ ಮರುದಿನ, ಚೆನ್ನಾಗಿದ್ದ ಯಂತ್ರ ಆಮೆಯಾಗುವುದುಂಟು. ಆಗ ಹಳೆಯವನನ್ನೇ ವಾಪಸ್ ಕರೆಸಲು ವಿಂಡೋಸ್‌ನಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಎಂಬ ಗುಂಡಿಯಿದೆ.

ಈ ಗುಂಡಿ ಮೊದಲಿನಿಂದ ಇದ್ದದ್ದಲ್ಲ. ಡಾಸ್ ಕಾಲದಲ್ಲಿ ಪ್ರತಿಯೊಂದು ತಂತ್ರಾಂಶವೂ ತನ್ನ ಡ್ರೈವರ್‌ಗಳನ್ನು ತಾನೇ ಹೊತ್ತು ತರುತ್ತಿತ್ತು. ವರ್ಡ್‌ಪರ್ಫೆಕ್ಟ್ ಜೊತೆಗೆ ಪ್ರಿಂಟರ್ ಡ್ರೈವರ್‌ಗಳ ಫ್ಲಾಪಿಗಳೇ ಬರುತ್ತಿದ್ದವು. ವಿಂಡೋಸ್ ಬಂದ ಮೇಲೆ ಎಲ್ಲರಿಗೂ ಸೇರಿ ಒಬ್ಬನೇ ಡ್ರೈವರ್ ಎಂದಾಯಿತು. ಅನುಕೂಲವೇನೋ ಹೌದು, ಆದರೆ ಆ ಒಬ್ಬ ಕೆಟ್ಟರೆ ಎಲ್ಲರೂ ಕೆಟ್ಟರು! ವಿಂಡೋಸ್ 95, 98ರ ದಿನಗಳಲ್ಲಿ ಹೊಸ ಕಡತ ಹಳೆಯದರ ಮೇಲೆಯೇ ಕೂರುತ್ತಿತ್ತು. ವಾಪಸ್ ಹೋಗಬೇಕೆಂದರೆ ಹಳೆಯ ಸಿ.ಡಿ. ಹುಡುಕಬೇಕು. ವಿಂಡೋಸ್ ಎನ್‌ಟಿಯಲ್ಲಿ 'ಲಾಸ್ಟ್ ನೋನ್ ಗುಡ್' ಎಂಬ ಉಪಾಯವಿತ್ತು, ಆದರೆ ಅದು ಹಳೆಯ ಸೆಟ್ಟಿಂಗುಗಳನ್ನು ಮರಳಿಸುತ್ತಿತ್ತೇ ಹೊರತು ಅಳಿದುಹೋದ ಕಡತವನ್ನಲ್ಲ.

2000ದಲ್ಲಿ ವಿಂಡೋಸ್ ಮಿಲೇನಿಯಂ 'ಸಿಸ್ಟಮ್ ರಿಸ್ಟೋರ್' ತಂದಿತು. 2001ರ ಅಕ್ಟೋಬರ್ 25ರಂದು ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿಯಲ್ಲಿ ನಮ್ಮ ಗುಂಡಿ ಕಾಣಿಸಿಕೊಂಡಿತು. ಅದರ ಗುಟ್ಟು ಬಹಳ ಸರಳ: ಹೊಸದನ್ನು ಹಾಕುವ ಮುಂಚೆ ಹಳೆಯದರ ಪ್ರತಿಯೊಂದನ್ನು ಪಕ್ಕಕ್ಕೆ ತೆಗೆದಿಡುವುದು. ಬ್ಯಾಂಕಿನವರಿಗೆ ಇದು ಹೊಸ ಮಾತಲ್ಲ. ಲೆಡ್ಜರಿನಲ್ಲಿ ತಪ್ಪು ನಮೂದನ್ನು ನಾವು ಅಳಿಸುವುದಿಲ್ಲ, ರಿವರ್ಸಲ್ ಎಂಟ್ರಿ ಹಾಕುತ್ತೇವೆ. ಹಳೆಯ ಅಂಕಿ ಉಳಿದಿದ್ದರೆ ತಾನೇ ಸರಿಪಡಿಸುವ ಮಾತು!

ಈ ಗುಂಡಿಯ ಬೆಲೆ ಜನರಿಗೆ ಚೆನ್ನಾಗಿ ತಿಳಿದದ್ದು ವಿಸ್ಟಾ ಕಾಲದಲ್ಲಿ. 2007ರ ಜನವರಿ 30ರಂದು ವಿಸ್ಟಾ ಮಾರುಕಟ್ಟೆಗೆ ಬಂತು. ಪರದೆಯ ಡ್ರೈವರ್‌ಗಳ ರಚನೆಯೇ ಬದಲಾಗಿತ್ತು, ತಯಾರಕರು ತಯಾರಾಗಿರಲಿಲ್ಲ. ಅಮೆರಿಕದ ಮೊಕದ್ದಮೆಯೊಂದರಲ್ಲಿ 2008ರಲ್ಲಿ ಹೊರಬಿದ್ದ ಮೈಕ್ರೋಸಾಫ್ಟ್ ಕಾಗದಗಳ ಪ್ರಕಾರ, ಅವರು ದಾಖಲಿಸಿಕೊಂಡ ವಿಸ್ಟಾ ಕುಸಿತಗಳಲ್ಲಿ ಸುಮಾರು ನೂರಕ್ಕೆ 29ಕ್ಕೆ ಎನ್‌ವಿಡಿಯಾ ಡ್ರೈವರ್‌ಗಳೇ ಕಾರಣ. ಬೇಸತ್ತ ಎಷ್ಟೋ ಮಂದಿ ಡ್ರೈವರ್ ಬಿಡಿ, ಇಡೀ ವಿಸ್ಟಾವನ್ನೇ ಬಿಟ್ಟು ಎಕ್ಸ್‌ಪಿಗೆ ವಾಪಸಾದರು.

2010ರ ಮಾರ್ಚ್‌ನಲ್ಲಿ ಇನ್ನೊಂದು ಪ್ರಸಂಗ. ಎನ್‌ವಿಡಿಯಾದ 196.75 ಎಂಬ ಡ್ರೈವರ್ ಹಾಕಿಕೊಂಡವರ ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಸರಿಯಾಗಿ ತಿರುಗದೆ ಕಾರ್ಡು ಕಾಯತೊಡಗಿತು. ಕಂಪನಿಯೇ ಅದನ್ನು ಹಿಂತೆಗೆದುಕೊಂಡು, 196.21ಕ್ಕೆ ಮರಳಿ ಎಂದು ಹೇಳಿತು. 'ಹೊಸದೇ ಒಳ್ಳೆಯದು' ಎನ್ನುವ ಮಂತ್ರವನ್ನು ಮಾರುವವನೇ ಕೈಬಿಟ್ಟ ಗಳಿಗೆ ಅದು.

ಆಮೇಲೆ ಕಥೆ ತಿರುಗಿತು. 2015ರ ಜುಲೈನಲ್ಲಿ ಬಂದ ವಿಂಡೋಸ್ 10, ಕೇಳದೆಯೇ ಹೊಸ ಡ್ರೈವರ್ ಹಾಕತೊಡಗಿತು. ನೀವು ವಾಪಸ್ ಹೋದರೆ ಅದು ಮತ್ತೆ ಹೊಸದನ್ನೇ ತಂದು ಕೂರಿಸುತ್ತಿತ್ತು. ಕೊನೆಗೆ ಬೇಡದ ಅಪ್‌ಡೇಟ್ ಮರೆಮಾಡಲು ಮೈಕ್ರೋಸಾಫ್ಟ್ ಪ್ರತ್ಯೇಕ ಉಪಕರಣವನ್ನೇ ಕೊಡಬೇಕಾಯಿತು. ಯಂತ್ರ ನಮ್ಮದು, ದುಡ್ಡು ನಮ್ಮದು, ಆದರೆ ಯಾರು ಓಡಿಸಬೇಕೆಂಬ ತೀರ್ಮಾನ ಯಾರದ್ದು? ಪ್ರಶ್ನೆ ಇನ್ನೂ ಹಾಗೆಯೇ ಇದೆ.

2024ರ ಜುಲೈ 19 ನೆನಪಿದೆಯಲ್ಲ? ಕ್ರೌಡ್‌ಸ್ಟ್ರೈಕ್‌ನ ಡ್ರೈವರ್ ಓದುವ ಒಂದು ಕಡತ ಕೆಟ್ಟು, ಸುಮಾರು 85 ಲಕ್ಷ ಯಂತ್ರಗಳು ನೀಲಿ ಪರದೆ ತೋರಿಸಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಇಂಡಿಗೋದವರು ಕೈಬರಹದಲ್ಲಿ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಕಂಪನಿ ಸುಮಾರು 78 ನಿಮಿಷಗಳಲ್ಲೇ ಕಡತ ಹಿಂತೆಗೆದುಕೊಂಡಿತ್ತು. ಆದರೇನು, ಬಿದ್ದ ಯಂತ್ರ ಎದ್ದು ಅದನ್ನು ಸ್ವೀಕರಿಸಬೇಕಲ್ಲ! ಅನೇಕ ಕಡೆ ಒಂದೊಂದರ ಮುಂದೆಯೂ ಮನುಷ್ಯರೇ ಕೂತು ಸರಿಪಡಿಸಬೇಕಾಯಿತು. ಹಿಂದಿರುಗುವ ದಾರಿ ತಯಾರಕನ ಕೈಯಲ್ಲಿದ್ದರೆ ಸಾಲದು, ಬಳಸುವವನ ಕೈಯಲ್ಲೂ ಇರಬೇಕು.

ನಿಮ್ಮ ಯಂತ್ರದಲ್ಲಿ ಈ ದಾರಿ ಇರುವುದು ಡಿವೈಸ್ ಮ್ಯಾನೇಜರ್‌ನಲ್ಲಿ. ಅಪ್‌ಡೇಟ್ ಆದ ಮೇಲೆ ಪರದೆ ನಿಧಾನವಾಯಿತೇ? ಅಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗಿನ ನಿಮ್ಮ ಕಾರ್ಡಿನ ಪ್ರಾಪರ್ಟೀಸ್ ತೆರೆದು, ಡ್ರೈವರ್ ಎಂಬಲ್ಲಿ ನೋಡಿ. ಗುಂಡಿ ಮಂಕಾಗಿದ್ದರೆ ಹಳೆಯ ಪ್ರತಿ ಉಳಿದಿಲ್ಲವೆಂದು ಅರ್ಥ. ತಯಾರಕರ ತಾಣದಿಂದಲೇ ಹಳೆಯದನ್ನು ತರಬೇಕು. ಒಂದು ಎಚ್ಚರಿಕೆ: ಹೊಸ ಡ್ರೈವರ್‌ಗಳು ಭದ್ರತೆಯ ಬಿರುಕುಗಳನ್ನೂ ಮುಚ್ಚುತ್ತವೆ. ಹಾಗಾಗಿ ಹಳೆಯದರಲ್ಲೇ ಬೇರೂರಬೇಡಿ, ಸರಿಪಡಿಸಿದ ಆವೃತ್ತಿ ಬಂದಾಗ ಮುಂದೆ ಹೋಗಿ.

ಹಿಂದೆ ಹೋಗುವುದು ಸೋಲು ಎಂದು ನಮಗೆಲ್ಲ ಹೇಳಿಕೊಟ್ಟಿದ್ದಾರೆ. ಈ ಗುಂಡಿಯನ್ನು ರೂಪಿಸಿದವರು ಹಾಗೆ ಭಾವಿಸಲಿಲ್ಲ. ಮುಂದಿನ ಹೆಜ್ಜೆ ತಪ್ಪಬಹುದೆಂದು ಮೊದಲೇ ಒಪ್ಪಿಕೊಂಡು, ಹಿಂದಿನದನ್ನು ಜೋಪಾನವಾಗಿ ತೆಗೆದಿಟ್ಟರು. ಅಷ್ಟು ವಿನಯ ಯಂತ್ರ ಮಾಡುವವರಲ್ಲಿ ಇದ್ದರೆ, ಬಳಸುವ ನಾವು ನೆಮ್ಮದಿಯಾಗಿರಬಹುದು.