ಊರಂಚಿನ ಮರಗಳೂ ಶಾಸನವೂ

ಕಾಶಿಯ ವಿಶ್ವನಾಥ ಗಲ್ಲಿಯಲ್ಲಿ ನಡೆಯುವ ಕನ್ನಡ ಯಾತ್ರಿಕನಿಗೆ ಮರದ ನೆರಳು ದೊರೆಯುವುದು ದುರ್ಲಭ. ಇಕ್ಕೆಲಗಳಲ್ಲಿ ಅಂಗಡಿಗಳ ಸಾಲು, ಕಾಲ ಕೆಳಗೆ ಕಲ್ಲುಹಾಸು. ಬೇರಿಗೆ ಎಡೆಯೇ ಇಲ್ಲ. ಇಂಥ ಪುರಾತನ ನಗರಗಳಲ್ಲಿ ಮರವೊಂದು ಉಳಿದಿದ್ದರೆ ಅದು ಬಹುಮಟ್ಟಿಗೆ ಗುಡಿಯ ಮಗ್ಗುಲಲ್ಲಿ, ಕಟ್ಟೆಯ ಮೇಲೆ, ಅಶ್ವತ್ಥವಾಗಿಯೋ ವಟವಾಗಿಯೋ ಉಳಿದಿರುತ್ತದೆ. ಅದನ್ನು ಕಾದದ್ದು ರಾಜಾಜ್ಞೆಯಲ್ಲ, ಜನರ ಭಯಭಕ್ತಿ. ಆದರೆ ಪೂಜೆಗೆ ಸಲ್ಲದ ಮರಕ್ಕೆ ಈ ರಕ್ಷಣೆ ಸಲ್ಲದು. ಶಾಸನದ ಅವಶ್ಯಕತೆ ಹುಟ್ಟುವುದು ಇಲ್ಲಿಯೇ.

ಕನ್ನಡನಾಡಿನಲ್ಲಿ ಈ ಪ್ರಶ್ನೆ ತೀವ್ರವಾದದ್ದು ಬೆಂಗಳೂರಿನ ಬಡಾವಣೆಗಳಲ್ಲಿ. 1898ರ ಪ್ಲೇಗು ಹಳೆಯ ಪೇಟೆಯ ಇಕ್ಕಟ್ಟಿನ ಅಪಾಯವನ್ನು ಎಲ್ಲರಿಗೂ ಮನಗಾಣಿಸಿತು. ಮಲ್ಲೇಶ್ವರ, ಬಸವನಗುಡಿಗಳು ಊರ ಹೊರಗೆ ಗಾಳಿಬೆಳಕಿಗೆ ತೆರೆದ ನೇರ ಬೀದಿಗಳೊಡನೆ ಬೆಳೆದವು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್, ಒಂದು ಮರ ಹೂ ಮುಗಿಸುವಷ್ಟರಲ್ಲಿ ಮತ್ತೊಂದು ಅರಳುವಂತೆ ಸಾಲುಮರಗಳನ್ನು ಯೋಜಿಸಿದರು. ಗುಲ್‌ಮೊಹರ್, ಜಕರಾಂಡಗಳು ಪರದೇಶದಿಂದ ಬಂದವು. ಅವುಗಳಿಗೆ ಸ್ಥಳಪುರಾಣವಿಲ್ಲ, ಪ್ರದಕ್ಷಿಣೆಯಿಲ್ಲ. ಊರು ಬೆಳೆದು ರಸ್ತೆ ಸಾಲದಾದಾಗ ಮೊದಲು ಕೊಡಲಿಗೆ ಗುರಿಯಾಗುವುವೂ ಅವೇ.

ಎಪ್ಪತ್ತರ ದಶಕದಲ್ಲಿ ಹಲವು ರಾಜ್ಯಗಳು ಈ ವಿಷಯಕ್ಕೆ ಕೈಹಾಕಿದವು. ಮಹಾರಾಷ್ಟ್ರದ 1975ರ ಅಧಿನಿಯಮದ ಹೆಸರಿನಲ್ಲಿ 'ನಗರ ಪ್ರದೇಶ'ವೆಂದಿದ್ದರೆ, ಕಾಶಿಯನ್ನೊಳಗೊಂಡ ಉತ್ತರ ಪ್ರದೇಶದ 1976ರ ಅಧಿನಿಯಮಕ್ಕೆ 'ಗ್ರಾಮೀಣ ಮತ್ತು ಗುಡ್ಡಗಾಡು ಪ್ರದೇಶ'ಗಳ ಹೆಸರನ್ನಿಡಲಾಯಿತು. ಅದೇ ವರ್ಷದ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು ನಗರಕ್ಕೂ ಗ್ರಾಮಾಂತರಕ್ಕೂ ಪ್ರತ್ಯೇಕ ವೃಕ್ಷ ಪ್ರಾಧಿಕಾರಗಳನ್ನು ಕಲ್ಪಿಸಿತು. ಇತ್ತ ಪೇಟೆಯೂ ಅಲ್ಲದ, ಅತ್ತ ಹಳ್ಳಿಯೂ ಅಲ್ಲದ ಊರಂಚಿನ ದೃಷ್ಟಿಯಿಂದ ಇದು ಗಮನಾರ್ಹ.

ಈ ಅಧಿನಿಯಮದ ತಿರುಳು ನಿಷೇಧವಲ್ಲ, ಅನುಮತಿ. ಸ್ವಂತ ಹಿತ್ತಲಿನ ಮರವನ್ನು ಕಡಿಯಬೇಕಾದರೂ ಒಡೆಯನು ವೃಕ್ಷಾಧಿಕಾರಿಯ ಅಪ್ಪಣೆ ಪಡೆಯಬೇಕು. ತೆಂಗು, ಸರ್ವೆ, ನೀಲಗಿರಿ ಮೊದಲಾದ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿಯುಂಟು. ಮರಗಳ ಗಣತಿ ಪ್ರಾಧಿಕಾರದ ಕರ್ತವ್ಯಗಳಲ್ಲೊಂದು. ಮುಂದೆ 2014ರ ತಿದ್ದುಪಡಿಯು, ಸಾರ್ವಜನಿಕ ಕಾಮಗಾರಿಗಾಗಿ ಐವತ್ತಕ್ಕೂ ಹೆಚ್ಚು ಮರಗಳನ್ನು ಕಡಿಯುವುದಾದರೆ ಜನರ ಆಕ್ಷೇಪಣೆಗಳನ್ನು ಆಹ್ವಾನಿಸಬೇಕೆಂದು ವಿಧಿಸಿತು.

ಇದರ ಬಲ 2016ರಲ್ಲಿ ಕಂಡಿತು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಗೆ 812 ಮರಗಳು ಬಲಿಯಾಗಲಿವೆಯೆಂದು ತಿಳಿದಾಗ, ಅಕ್ಟೋಬರ್ 16ರಂದು ನಾಗರಿಕರು ಮಾನವ ಸರಪಳಿ ರಚಿಸಿದರು. 2017ರ ಮಾರ್ಚಿಯಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಸಂಖ್ಯೆ ಬಯಲಾದ್ದರಿಂದಲೇ ಜನ ಎಚ್ಚೆತ್ತರೆಂಬುದು ಸ್ಪಷ್ಟ.

ಆದರೆ ಬಡಾವಣೆಯ ಮರಗಳು ನೂರರ ಲೆಕ್ಕದಲ್ಲಿ ಉರುಳುವುದು ವಿರಳ. ಹಳೆಯ ಮನೆಯೊಂದು ಮಾರಾಟವಾಗಿ ಅಲ್ಲಿ ಬಹುಮಹಡಿ ಕಟ್ಟಡವೇಳುವಾಗ ಒಂದು ಮಾವು, ಎರಡು ಹಲಸು, ಒಂದು ಸಂಪಿಗೆ ಹೋಗುತ್ತವೆ. ಐವತ್ತರ ಗೆರೆಯನ್ನು ಅವು ಎಂದೂ ಮುಟ್ಟುವುದಿಲ್ಲ. ಎಷ್ಟಿದ್ದುವೆಂಬ ಲೆಕ್ಕವಿಲ್ಲದಿದ್ದರೆ ಎಷ್ಟು ಹೋದುವೆಂಬುದನ್ನು ಹೇಳುವವರಾರು? 2019ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಬೆಂಗಳೂರಿನ ಮರಗಳ ಗಣತಿಯಾಗಬೇಕೆಂದು ಆದೇಶಿಸಿದ್ದರ ಮಹತ್ವ ಇದರಲ್ಲಿದೆ. ನಲವತ್ತಮೂರು ವರ್ಷಗಳ ಹಿಂದೆಯೇ ಶಾಸನ ವಿಧಿಸಿದ್ದ ಕರ್ತವ್ಯವನ್ನು ನ್ಯಾಯಪೀಠ ಮತ್ತೆ ನೆನಪಿಸಬೇಕಾಯಿತು.

ಅಶ್ವತ್ಥಕಟ್ಟೆಯನ್ನು ನಿತ್ಯ ಸುತ್ತುವವರಿಗೆ ಆ ಮರದ ಒಂದು ಕೊಂಬೆ ಮುರಿದರೂ ತಿಳಿಯುತ್ತದೆ. ಕಾನೂನಿಗೆ ಅಂಥ ಕಣ್ಣಿಲ್ಲ. ಗಣತಿಯೇ ಅದರ ಕಣ್ಣು. ಪ್ರದಕ್ಷಿಣೆಯಿಲ್ಲದ ಬೀದಿಮರಕ್ಕೆ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲಾದರೂ ದೊರೆತಾಗಲೇ ಶಾಸನದ ರಕ್ಷಣೆ ಅದನ್ನು ಮುಟ್ಟೀತು.