ಹುಳು ತಿನ್ನುವ ಎಲೆ: ಉತ್ತರ ಕನ್ನಡದ ಚಿಟ್ಟೆ ಅಧ್ಯಯನದ ಚರಿತ್ರೆ

ಉಪ್ಪುನೀರು ಏರಿಬರುವ ಕಾರವಾರ, ಕುಮಟೆಗಳ ಗಜನಿ ಗದ್ದೆಗಳು, ವರ್ಷವಿಡೀ ಹಸಿರಾಗಿರುವ ಘಟ್ಟದ ನಿತ್ಯಹರಿದ್ವರ್ಣ ಕಾಡು, ಅದರಾಚೆ ಹಳಿಯಾಳ, ಮುಂಡಗೋಡಗಳ ಕಡೆಗೆ ಬೇಸಗೆಯಲ್ಲಿ ಎಲೆ ಉದುರಿಸುವ ತೇಗ, ಮತ್ತಿಗಳ ಕಾಡು, ಇವೆಲ್ಲ ಒಂದೇ ಜಿಲ್ಲೆಯೊಳಗೆ ಅಡಕವಾಗಿರುವುದರಿಂದ ಉತ್ತರ ಕನ್ನಡವು ಚಿಟ್ಟೆಗಳ ವೈವಿಧ್ಯಕ್ಕೆ ಹೆಸರಾಯಿತು. 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಈ ಜಿಲ್ಲೆಯಲ್ಲಿ ಕೆಲಸ ಮಾಡಿದ ಮೂವರು ಬ್ರಿಟಿಷ್ ಅಧಿಕಾರಿಗಳು, ಅಂದರೆ ಕಲೆಕ್ಟರ್ ಡೇವಿಡ್‌ಸನ್, ಅರಣ್ಯಾಧಿಕಾರಿ ಟಿ. ಆರ್. ಬೆಲ್ ಮತ್ತು ಸುಂಕ ಇಲಾಖೆಯ ಇ. ಎಚ್. ಐಟ್ಕನ್, ಇಲ್ಲಿಯ ಚಿಟ್ಟೆಗಳ ಕುರಿತ ವಿಸ್ತಾರವಾದ ಲೇಖನಮಾಲೆಯನ್ನು 1896ರಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ಆ ಕಾಲದ ಬಹುಪಾಲು ಸಂಗ್ರಾಹಕರು ಹಾರುವ ಚಿಟ್ಟೆಯನ್ನು ಬಲೆಯಲ್ಲಿ ಹಿಡಿದು, ಸೂಜಿ ಚುಚ್ಚಿ, ಪೆಟ್ಟಿಗೆಯಲ್ಲಿ ಜೋಡಿಸುವುದಕ್ಕೇ ತೃಪ್ತರಾಗಿದ್ದಾಗ, ಈ ಮೂವರು ಕಂಬಳಿಹುಳುಗಳನ್ನು ಸಾಕಿ, ಅವು ಯಾವ ಗಿಡದ ಎಲೆ ತಿನ್ನುತ್ತವೆ, ಹೇಗೆ ಕೋಶ ಕಟ್ಟುತ್ತವೆ ಎಂಬುದನ್ನು ಬರೆದಿಟ್ಟರು. ಅವರ ನಿಜವಾದ ಹಿರಿಮೆ ಇರುವುದು ಇಲ್ಲಿಯೇ. ಹುಳು ಆಹಾರಕ್ಕಾಗಿ ಅವಲಂಬಿಸುವ ಸಸ್ಯಕ್ಕೆ ಆತಿಥೇಯ ಸಸ್ಯವೆಂದು ಹೆಸರು. ಚಿಟ್ಟೆ ಎಲ್ಲಿ ನೆಲೆಸಬಲ್ಲದು ಎಂಬುದನ್ನು ಬಹುಮಟ್ಟಿಗೆ ಅದೇ ನಿರ್ಧರಿಸುತ್ತದೆ. ಭಾರತದ ಅತಿ ದೊಡ್ಡ ಚಿಟ್ಟೆಗಳಲ್ಲಿ ಒಂದಾದ, ಕಪ್ಪು ಮುಂರೆಕ್ಕೆ ಮತ್ತು ಹೊಂಬಣ್ಣದ ಹಿಂರೆಕ್ಕೆಗಳ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದು ಈಶ್ವರಿ ಬಳ್ಳಿಯ ಕುಲದ ಸಸ್ಯಗಳ ಮೇಲೆ. ಮೈತುಂಬ ಮಾಂಸಲ ಮುಳ್ಳುಗಳಂಥ ಚಾಚುಗಳಿರುವ ಇದರ ಕಡುಗೆಂಪು ಹುಳು ಆ ಬಳ್ಳಿಯ ವಿಷವನ್ನು ಮೈಯಲ್ಲಿ ಉಳಿಸಿಕೊಳ್ಳುವುದರಿಂದ ಹಕ್ಕಿಗಳು ಅದನ್ನು ದೂರವಿಡುತ್ತವೆ. ಏಪ್‌ಫ್ಲೈ ಎಂಬ ಪುಟ್ಟ ಚಿಟ್ಟೆಯ ಹುಳುವಾದರೋ ಎಲೆಯನ್ನು ಮುಟ್ಟದೆ ಹಿಟ್ಟುತಿಗಣೆಗಳನ್ನೇ ತಿಂದು ಬೆಳೆಯುತ್ತದೆ. ಅದರ ಕೋಶದ ಮೇಲೆ ಮಂಗನ ಮುಖದಂಥ ಗುರುತು ಎದ್ದು ಕಾಣುತ್ತದೆ.

ಮುಂಬಯಿ ಪ್ರಾಂತ್ಯದ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಯ ಹುದ್ದೆಯವರೆಗೆ ಏರಿದ ಬೆಲ್ ನಿವೃತ್ತಿಯ ಬಳಿಕ ಕಾರವಾರದಲ್ಲಿಯೇ ನೆಲೆಸಿ, ಸಂಶೋಧನೆಯನ್ನು ಮುಂದುವರಿಸಿ, 1948ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರು ಸೇವೆ ಸಲ್ಲಿಸಿದ ಇಲಾಖೆಗೆ ತೇಗವೇ ಮುಖ್ಯ ಆದಾಯವಾಗಿದ್ದು, ಬಳ್ಳಿ, ಪೊದೆ, ಹತ್ತಾರು ಜಾತಿಯ ಮರಗಳು ಬೆರೆತ ಕಾಡಿನ ಜಾಗದಲ್ಲಿ ತೇಗದ ನೆಡುತೋಪುಗಳು ಹರಡಿದವು. ಸ್ವಾತಂತ್ರ್ಯಾನಂತರ ಕಾಳಿ ಕಣಿವೆಯ ಕಾಡಿನ ಒಂದು ಭಾಗವು ಸೂಪಾ ಜಲಾಶಯದಲ್ಲಿ ಮುಳುಗಿತು. ಇಂಥ ಬದಲಾವಣೆಗಳ ಮೊದಲು ಯಾವ ಚಿಟ್ಟೆ ಯಾವ ಗಿಡವನ್ನು ನಂಬಿ ಬದುಕಿತ್ತು ಎಂಬುದನ್ನು ಅರಿಯಲು ಆ ಲೇಖನಮಾಲೆಗೆ ಸಮನಾದ ಆಧಾರ ಮತ್ತೊಂದಿಲ್ಲ.

ಸದರ್ನ್ ಬರ್ಡ್‌ವಿಂಗ್ ಇಂದು ಕರ್ನಾಟಕದ ರಾಜ್ಯ ಚಿಟ್ಟೆ. ಅಡಿಕೆ ತೋಟಕ್ಕೆ ಸೊಪ್ಪು ಒದಗಿಸುವ ಸೊಪ್ಪಿನಬೆಟ್ಟಗಳನ್ನು ಸವರುವಾಗ, ಬೇಲಿಗಳನ್ನು ಕಡಿಯುವಾಗ, ಈಶ್ವರಿ ಬಳ್ಳಿಯನ್ನು ಕಳೆಯೆಂದು ಕಿತ್ತೆಸೆಯದೆ ಉಳಿಸಿಕೊಳ್ಳುವುದು ಈ ಸೀಮೆಯ ಕೃಷಿಕರು ಆ ಚಿಟ್ಟೆಗೆ ಮಾಡಬಹುದಾದ ಬಹುದೊಡ್ಡ ಉಪಕಾರವಾಗುತ್ತದೆ.