ಕಮಾಂಡ್‌ಲೈನ್ ತಂತ್ರಾಂಶಗಳಲ್ಲಿ ಅಂತರ್ಗತ ಕೈಪಿಡಿ

ಕಮಾಂಡ್‌ಲೈನಿನಲ್ಲಿ ಓಡುವ ತಂತ್ರಾಂಶವೊಂದು ತನ್ನ ಪೂರ್ಣ ಕೈಪಿಡಿಯನ್ನು ತನ್ನೊಳಗೇ ಇಟ್ಟುಕೊಂಡು, ಕೇಳಿದಾಗ ತಾನೇ ಪರದೆಯ ಮೇಲೆ ತೋರಿಸುವ ಸೌಲಭ್ಯಕ್ಕೆ ಅಂತರ್ಗತ ಕೈಪಿಡಿ ಎಂದು ಹೆಸರು. ‘--ಹೆಲ್ಪ್’ ಎಂದಾಗ ಬರುವ ಹತ್ತಿಪ್ಪತ್ತು ಸಾಲಿನ ಸಾರಾಂಶ ಇದಲ್ಲ. ಪ್ರತಿ ಆಯ್ಕೆಯ ವಿವರಣೆ, ಉದಾಹರಣೆ, ಎಚ್ಚರಿಕೆ ಎಲ್ಲವೂ ಇರುವ ಪಠ್ಯ. ಯುನಿಕ್ಸ್ ಪರಂಪರೆಯಲ್ಲಿ ಈ ಪಠ್ಯ ತಂತ್ರಾಂಶದ ಹೊರಗೆ, ಬೇರೆ ಕಡತವಾಗಿ, ‘ಮ್ಯಾನ್’ ಎಂಬ ಬೇರೊಂದು ಕಮಾಂಡಿನ ಸುಪರ್ದಿಯಲ್ಲಿತ್ತು. ಒಂದೇ ತಂತ್ರಾಂಶ ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಓಡಬೇಕಾಗಿ ಬಂದಾಗ ಆ ಏರ್ಪಾಡು ಸಾಲದಾಯಿತು. ಕೈಪಿಡಿ ಒಳಗೆ ಬಂದ ಇತಿಹಾಸ ಬಹುಮಟ್ಟಿಗೆ ವಿಂಡೋಸಿನಲ್ಲಿ ‘ಮ್ಯಾನ್’ ಇಲ್ಲದಿದ್ದುದರ ಇತಿಹಾಸ.

ಹೊರಗಿದ್ದ ಕೈಪಿಡಿ

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚೀ ಬರೆದ ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯ ಮೇಲಿರುವ ದಿನಾಂಕ 1971ರ ನವೆಂಬರ್ 3. ಪುಟದ ಚೌಕಟ್ಟು ಆಗಲೇ ಗೊತ್ತಾಗಿತ್ತು: ಹೆಸರು, ಬಳಸುವ ರೀತಿ, ವಿವರಣೆ, ಸಂಬಂಧಿಸಿದ ಕಡತಗಳು, ನೋಡಬೇಕಾದ ಇತರ ಪುಟಗಳು, ದೋಷಗಳು. ತಯಾರಕರೇ ತಮ್ಮ ಸರಕಿನ ಕುಂದುಗಳನ್ನು ಪಟ್ಟಿಮಾಡಿ ಅಚ್ಚು ಹಾಕಿದ ಆ ದೋಷಗಳ ಭಾಗ ಇಂದಿಗೂ ಕೈಪಿಡಿಯ ಪುಟಗಳಲ್ಲಿ ಉಳಿದಿದೆ. ಮಾರಾಟದ ತಂತ್ರಾಂಶಗಳ ಕೈಪಿಡಿಗಳಲ್ಲಿ ಅಂಥ ಪ್ರಾಮಾಣಿಕತೆ ಹುಡುಕಿದರೂ ಸಿಗುವುದು ಕಷ್ಟ. ವಿಭಾಗದ ಮುಖ್ಯಸ್ಥರಾಗಿದ್ದ ಡಗ್ ಮ್ಯಾಕಿಲ್ರಾಯ್ ಈ ಬರವಣಿಗೆಯ ಗುಣಮಟ್ಟದ ಬಗ್ಗೆ ಪಟ್ಟು ಹಿಡಿದವರು.

ಪುಟಗಳನ್ನು ಜೋಡಿಸುತ್ತಿದ್ದುದು ರಾಫ್ ವಂಶದ ತಂತ್ರಾಂಶಗಳು. ಎಂಐಟಿಯಲ್ಲಿ ಜೆರೋಮ್ ಸಾಲ್ಟ್ಜರ್ 1964ರಲ್ಲಿ ಬರೆದ ‘ರನ್ಆಫ್’ ಇವುಗಳ ಮೂಲ. ಜೋ ಒಸ್ಸಾನ್ನಾ ಬರೆದ ‘ಎನ್‌ರಾಫ್’ ಮತ್ತು ‘ಟ್ರಾಫ್’ ಆ ವಂಶದ ಹೆಸರಾಂತ ಕುಡಿಗಳು. 1979ರ ಯುನಿಕ್ಸ್ ಏಳನೆಯ ಆವೃತ್ತಿಯೊಂದಿಗೆ ಬಂದ ‘ಮ್ಯಾನ್’ ಮ್ಯಾಕ್ರೊಗಳು ಇಂದಿಗೂ ಬಳಕೆಯಲ್ಲಿವೆ. ಪುಟದ ಮೂಲಪಠ್ಯ ಒಂದು ಕಡತದಲ್ಲಿ. ‘ಮ್ಯಾನ್’ ಕಮಾಂಡ್ ಅದನ್ನು ಹುಡುಕಿ ತೆಗೆದು, ಎನ್‌ರಾಫ್‌ಗೆ ಕೊಟ್ಟು ಸಾಲುಗಳನ್ನು ಹೊಂದಿಸಿ ತೋರಿಸುತ್ತದೆ. 1978ರಲ್ಲಿ ಬರ್ಕ್ಲಿಯ ಡೇನಿಯಲ್ ಹಾಲ್ಬರ್ಟ್ ‘ಮೋರ್’ ಬರೆದ ಮೇಲೆ ಪರದೆ ತುಂಬಿದೊಡನೆ ಪಠ್ಯ ನಿಂತು ಕಾಯುವುದು ಸಾಧ್ಯವಾಯಿತು. ಮುಂದೆ ಮಾರ್ಕ್ ನ್ಯೂಡಲ್ಮನ್ ಬರೆದ ‘ಲೆಸ್’ ಹಿಂದಕ್ಕೂ ಸರಿಯಲು ಬಿಟ್ಟಿತು.

ಈ ಸರಪಳಿಯ ಒಂದು ಕೊಂಡಿಯನ್ನು ಹತ್ತಿರದಿಂದ ನೋಡಬೇಕು. ಎನ್‌ರಾಫ್ ಹುಟ್ಟಿದ್ದು ಕಾಗದದ ಮೇಲೆ ಅಕ್ಷರ ಕುಟ್ಟುವ ಟೆಲಿಟೈಪ್ ಯಂತ್ರಗಳಿಗಾಗಿ. ಅಕ್ಷರವನ್ನು ದಪ್ಪಗೆ ಮೂಡಿಸಲು ಅದು ಅಕ್ಷರ ಹೊಡೆದು, ಒಂದು ಹೆಜ್ಜೆ ಹಿಂದೆ ಸರಿದು, ಅದೇ ಅಕ್ಷರವನ್ನು ಮತ್ತೆ ಹೊಡೆಯುತ್ತಿತ್ತು. ಅಡಿಗೆರೆ ಬೇಕಾದರೆ ಗೆರೆ ಹೊಡೆದು, ಹಿಂದೆ ಸರಿದು, ಅದರ ಮೇಲೆ ಅಕ್ಷರ. ಪರದೆ ಬಂದ ಮೇಲೂ ಈ ಪದ್ಧತಿ ಹೋಗಲಿಲ್ಲ. ‘ಲೆಸ್’ಗೆ ಇದರ ಗುಟ್ಟು ಗೊತ್ತು, ಹಾಗಾಗಿ ದಪ್ಪಕ್ಷರ ಕಾಣುತ್ತದೆ. ಗೊತ್ತಿಲ್ಲದ ಎಡಿಟರಿನಲ್ಲಿ ಅದೇ ಪಠ್ಯ ತೆರೆದರೆ ಪ್ರತಿ ಅಕ್ಷರವೂ ಎರಡೆರಡು ಬಾರಿ, ನಡುವೆ ವಿಚಿತ್ರ ಚಿಹ್ನೆ. ಕೈಪಿಡಿಯ ಪಠ್ಯವನ್ನು ಯುನಿಕ್ಸಿನಿಂದ ಹೊರಗೆ ಸಾಗಿಸಲು ಹೊರಟವರೆಲ್ಲ ಮೊದಲು ಎಡವಿದ್ದು ಇಲ್ಲೇ.

ಬೇರೆ ಮನೆತನಗಳು

ಒಳಗಿಂದಲೇ ನೆರವು ಕೊಡುವ ಯೋಚನೆ ಯುನಿಕ್ಸಿನ ಹೊರಗೆ ಮೊದಲಿನಿಂದಲೂ ಇತ್ತು. ಟೆನೆಕ್ಸ್ ಮತ್ತು ಅದರಿಂದ ಬೆಳೆದ ಟಾಪ್ಸ್-20 ವ್ಯವಸ್ಥೆಗಳಲ್ಲಿ ಕಮಾಂಡಿನ ನಡುವೆ ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಮುಂದೆ ಏನೇನು ಬರೆಯಬಹುದೆಂಬ ಪಟ್ಟಿ ಬರುತ್ತಿತ್ತು. ಡಿಇಸಿ ಕಂಪನಿಯ ವಿಎಂಎಸ್‌ನಲ್ಲಿ ವಿಷಯ, ಉಪವಿಷಯ ಎಂದು ಮರದಂತೆ ಕವಲೊಡೆದ ಹೆಲ್ಪ್ ಲೈಬ್ರರಿ ಇತ್ತು. ಯಾವ ತಂತ್ರಾಂಶವಾದರೂ ಅದನ್ನು ತನ್ನೊಳಗಿಂದ ಕರೆಯಬಹುದಿತ್ತು. ಎಂಎಸ್-ಡಾಸ್‌ಗೆ ಇದು ತಡವಾಗಿ ಬಂತು: 1991ರ 5.0 ಆವೃತ್ತಿಯಲ್ಲಿ ಕಮಾಂಡಿನ ಮುಂದೆ ಓರೆಗೆರೆ, ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಸಾರಾಂಶ ಸಿಗತೊಡಗಿತು.

ಗ್ನೂ ಯೋಜನೆ ತನ್ನ ಪ್ರತಿ ತಂತ್ರಾಂಶವೂ ‘--ಹೆಲ್ಪ್’ ಮತ್ತು ‘--ವರ್ಷನ್’ ಆಯ್ಕೆಗಳಿಗೆ ಉತ್ತರಿಸಬೇಕೆಂಬ ನಿಯಮ ಮಾಡಿತು. ವಿಸ್ತಾರವಾದ ಕೈಪಿಡಿಯನ್ನು ಮಾತ್ರ ‘ಟೆಕ್ಸ್‌ಇನ್ಫೊ’ ರೂಪದಲ್ಲಿ ಹೊರಗೇ ಇಟ್ಟಿತು. ಗ್ನೂ ವಲಯದಲ್ಲೇ ಹುಟ್ಟಿದ ‘ಹೆಲ್ಪ್2ಮ್ಯಾನ್’ ನೀರನ್ನು ಮೇಲಕ್ಕೆ ಹರಿಸಿತು: ಅದು ತಂತ್ರಾಂಶವನ್ನೇ ಓಡಿಸಿ, ‘--ಹೆಲ್ಪ್’ಗೆ ಬಂದ ಉತ್ತರದಿಂದ ಮ್ಯಾನ್ ಪುಟವನ್ನು ತಯಾರಿಸುತ್ತದೆ. ಹಾಗೆ ತಯಾರಾದ ಪುಟಗಳು ಓದಲು ಸಪ್ಪೆ.

ಪರ್ಲ್: ಕಾರ್ಯಕ್ರಮದೊಳಗೇ ಪುಟ

ಪೂರ್ಣ ಕೈಪಿಡಿಯನ್ನು ಒಳಗೆ ತಂದ ಮೊದಮೊದಲ ಜನಪ್ರಿಯ ದಾರಿ 1994ರ ಪರ್ಲ್ 5ರದ್ದು. ಅದರೊಂದಿಗೆ ಬಂದ ‘ಪಾಡ್’ ಎಂಬ ಸರಳ ಬರಹರೂಪವನ್ನು ಕಾರ್ಯಕ್ರಮದ ಕಡತದಲ್ಲೇ ಬರೆಯಬಹುದು. ಕೋಡು ಮುಗಿದಲ್ಲಿ ‘ಎಂಡ್’ ಗುರುತು ಹಾಕಿದರೆ ಪರ್ಲ್ ಅಲ್ಲಿಗೆ ಓದುವುದನ್ನು ನಿಲ್ಲಿಸುತ್ತದೆ. ಅದರ ಕೆಳಗಿನ ಜಾಗವೆಲ್ಲ ಕೈಪಿಡಿಗೆ. ‘ಪಾಡ್2ಯೂಸೇಜ್’ ಎಂಬ ಫಂಕ್ಷನ್ ಕಾರ್ಯಕ್ರಮದ ಕಡತವನ್ನು ತಾನೇ ತೆರೆದು ಓದಿ, ವಿವರದ ಮಟ್ಟ 0 ಆದರೆ ಬಳಸುವ ರೀತಿಯನ್ನು ಮಾತ್ರ, 1 ಆದರೆ ಆಯ್ಕೆಗಳ ಪಟ್ಟಿಯನ್ನೂ ಸೇರಿಸಿ, 2 ಆದರೆ ಇಡೀ ಕೈಪಿಡಿಯನ್ನು ತೋರಿಸುತ್ತದೆ. ಕೋಡು ಹುಡುಕುವ ‘ಆಕ್’ನಂಥ ತಂತ್ರಾಂಶಗಳು ‘--ಮ್ಯಾನ್’ ಆಯ್ಕೆಯನ್ನು ಕೊಟ್ಟಿದ್ದು ಹೀಗೆ. ವಿಂಡೋಸಿನಲ್ಲಿ ‘ಮ್ಯಾನ್’ ಇಲ್ಲದಿದ್ದರೂ ಪರ್ಲ್ ಇದ್ದರೆ ಸಾಕು. ಕೋಡು ತಿದ್ದಿದವರ ಕಣ್ಣೆದುರೇ ಕೈಪಿಡಿ ಇರುವುದರಿಂದ ಎರಡೂ ಜೊತೆಜೊತೆಗೆ ಬದಲಾದವು; ಪರದೆಯ ಮೇಲೆ ತೋರಿಸುವ ಅನುಕೂಲಕ್ಕಿಂತ ಇದೇ ದೊಡ್ಡ ಲಾಭ.

ಕರ್ಲ್

ಸಂಕಲಿಸಿದ ಬೈನರಿ ತಂತ್ರಾಂಶಕ್ಕೆ ಈ ದಾರಿ ತೆರೆದಿರಲಿಲ್ಲ. ಅಲ್ಲಿ ಮೂಲಪಠ್ಯವೇ ಬಳಕೆದಾರರ ಕೈಗೆ ಸೇರುವುದಿಲ್ಲ. ಅಲ್ಲಿ ಏನು ಮಾಡಬೇಕಾಯಿತು ಎಂಬುದಕ್ಕೆ ಒಳ್ಳೆಯ ನಿದರ್ಶನ, ಯುಆರ್‌ಎಲ್ ಕೊಟ್ಟು ದತ್ತಾಂಶ ಸಾಗಿಸುವ ‘ಕರ್ಲ್’. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರ ಮಾರ್ಚ್ 20ರಂದು ಈ ಹೆಸರಿನಲ್ಲಿ ಬಿಡುಗಡೆ ಮಾಡಿದಾಗ ಅದಕ್ಕಿದ್ದುದು 24 ಆಯ್ಕೆಗಳು. ಇಂದು 250ಕ್ಕೂ ಹೆಚ್ಚು. ‘--ಮ್ಯಾನುಯಲ್’ ಎಂದರೆ ಅದು ಇಡೀ ಕೈಪಿಡಿಯನ್ನು ಪರದೆಗೆ ಸುರಿಯುತ್ತದೆ.

ಹಿಂದೆ ನಡೆಯುತ್ತಿದ್ದುದು ಇಷ್ಟು. ತಂತ್ರಾಂಶ ಕಟ್ಟುವ ಹೊತ್ತಿಗೆ ಮ್ಯಾನ್ ಪುಟವನ್ನು ಎನ್‌ರಾಫ್‌ಗೆ ಕೊಟ್ಟು ಸಾದಾ ಪಠ್ಯ ಮಾಡಬೇಕಿತ್ತು. ಒಂದು ಪರ್ಲ್ ಸ್ಕ್ರಿಪ್ಟ್ ಆ ಪಠ್ಯವನ್ನು ಸಿ ಭಾಷೆಯ ಕಡತವಾಗಿ ಬರೆದುಕೊಡುತ್ತದೆ. ಕಡತದ ಹೆಸರೇ ‘ಹ್ಯೂಜ್‌ಹೆಲ್ಪ್’. ಪಠ್ಯ ಕುಗ್ಗಿಸುವ ಜಡ್‌ಲಿಬ್ ಲೈಬ್ರರಿ ಲಭ್ಯವಿದ್ದರೆ ಪಠ್ಯ ಕುಗ್ಗಿ ಅಂಕಿಗಳ ಉದ್ದ ಸಾಲಾಗಿ ಕೂರುತ್ತದೆ, ಕೇಳಿದಾಗ ಹಿಗ್ಗುತ್ತದೆ. ಇಲ್ಲದಿದ್ದರೆ ಸಾಲುಸಾಲಾಗಿ ಇದ್ದ ಹಾಗೇ. ಇಡೀ ಕೈಪಿಡಿಯನ್ನು ಒಂದೇ ಉದ್ಧರಣ ಚಿಹ್ನೆಯೊಳಗೆ ಹಾಕಿಬಿಡಬಹುದಿತ್ತಲ್ಲ ಎಂದರೆ, ಆಗುವುದಿಲ್ಲ: 1989ರ ಸಿ ಮಾನಕ ಕಂಪೈಲರುಗಳಿಂದ ಖಾತರಿಯಾಗಿ ಅಪೇಕ್ಷಿಸಿದ್ದು 509 ಅಕ್ಷರಗಳ ಸ್ಟ್ರಿಂಗ್ ಮಾತ್ರ. ಮೈಕ್ರೋಸಾಫ್ಟಿನ ಕಂಪೈಲರಿಗೂ ಬಹುಕಾಲ 16,380 ಬೈಟುಗಳ ಮಿತಿ ಇತ್ತು. ಎಲ್ಲ ಕಡೆ ಓಡಬೇಕಾದ ತಂತ್ರಾಂಶ ಇಂಥ ಮಿತಿಗಳನ್ನು ಕಡೆಗಣಿಸುವಂತಿಲ್ಲ. ಕೈಪಿಡಿ ಬೇಡವೆಂದು ಕಟ್ಟಿಕೊಂಡವರ ಕರ್ಲ್ ಮಾತ್ರ, ಕೇಳಿದರೆ, ಕೈಪಿಡಿಯನ್ನು ಕಟ್ಟುವಾಗಲೇ ಕೈಬಿಡಲಾಗಿದೆ ಎಂದು ನೇರವಾಗಿ ಹೇಳಿ ಮುಗಿಸುತ್ತದೆ.

ವಿಂಡೋಸಿನಲ್ಲಿ ಕಟ್ಟುವವರ ಬಳಿ ಎನ್‌ರಾಫ್ ಇರುವುದೇ ಅಪರೂಪವಾದ್ದರಿಂದ ಆ ಅವಲಂಬನೆಯೂ ಕಿರಿಕಿರಿಯದೇ ಆಗಿತ್ತು. 2024ರಲ್ಲಿ ಯೋಜನೆ ತನ್ನ ದಾಖಲೆಗಳನ್ನು ಮಾರ್ಕ್‌ಡೌನ್ ಹೋಲುವ ‘ಕರ್ಲ್‌ಡೌನ್’ ರೂಪಕ್ಕೆ ಬದಲಿಸಿ, ಮ್ಯಾನ್ ಪುಟವನ್ನೂ ಸಾದಾ ಪಠ್ಯವನ್ನೂ ತನ್ನದೇ ಸ್ಕ್ರಿಪ್ಟಿನಿಂದ ತಯಾರಿಸಲು ತೊಡಗಿತು. ಅದೇ ವರ್ಷದ ಸೆಪ್ಟೆಂಬರಿನ 8.10.0 ಆವೃತ್ತಿಯಲ್ಲಿ ‘--ಹೆಲ್ಪ್’ ಮುಂದೆ ಒಂದು ಆಯ್ಕೆಯ ಹೆಸರು ಬರೆದರೆ ಒಳಗಿನ ಕೈಪಿಡಿಯಿಂದ ಆ ಆಯ್ಕೆಯ ಭಾಗವನ್ನಷ್ಟೇ ಹೆಕ್ಕಿ ತೋರಿಸುವ ಸೌಲಭ್ಯ ಬಂತು. ಸಾವಿರಾರು ಸಾಲುಗಳನ್ನು ಪರದೆಯ ಮೇಲೆ ಓಡಿಸಿ ‘ಹುಡುಕಿಕೋ’ ಎನ್ನುವುದಕ್ಕಿಂತ ಇದು ಎಷ್ಟೋ ಮೇಲು. ಇಷ್ಟು ತಡವಾಯಿತೇಕೆ ಎಂದು ಅನಿಸದಿರದು.

ಬ್ರೌಸರಿಗೆ ದಾಟಿಸಿದವರು, ಒಳಗೆ ಹೂತವರು

ಎಲ್ಲರೂ ಕರ್ಲ್‌ನ ದಾರಿ ಹಿಡಿಯಲಿಲ್ಲ. ‘ಗಿಟ್’ ಉಪಕಮಾಂಡಿನ ಮುಂದೆ ಚಿಕ್ಕ ‘-ಎಚ್’ ಹಾಕಿದರೆ ಸಾರಾಂಶ ಕೊಡುತ್ತದೆ, ‘--ಹೆಲ್ಪ್’ ಎಂದರೆ ಕೈಪಿಡಿಯನ್ನೇ ತೆರೆಯುತ್ತದೆ. ಲಿನಕ್ಸಿನಲ್ಲಿ ಆ ಕೆಲಸ ‘ಮ್ಯಾನ್’ನದು, ವಿಂಡೋಸಿನಲ್ಲಿ ಎಚ್‌ಟಿಎಂಎಲ್ ಪುಟ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ. ಟರ್ಮಿನಲ್‌ನಲ್ಲಿ ಕೈಯಾಡಿಸುತ್ತಿದ್ದವರ ಮುಂದೆ ಇದ್ದಕ್ಕಿದ್ದಂತೆ ಬ್ರೌಸರಿನ ಕಿಟಕಿ ಎದ್ದು ನಿಲ್ಲುವುದು ಎಲ್ಲರಿಗೂ ಹಿಡಿಸುವುದಿಲ್ಲ. ಮೈಕ್ರೋಸಾಫ್ಟಿನ ಪವರ್‌ಶೆಲ್ 2012ರ 3.0 ಆವೃತ್ತಿಯಲ್ಲಿ ಕೈಪಿಡಿಯನ್ನು ತಂತ್ರಾಂಶದಿಂದ ಪ್ರತ್ಯೇಕಿಸಿ, ಅಂತರ್ಜಾಲದಿಂದ ಇಳಿಸಿಕೊಳ್ಳುವ ಕಮಾಂಡನ್ನು ಕೊಟ್ಟಿತು. ಅಮೆಜಾನಿನ ಎಡಬ್ಲ್ಯುಎಸ್ ಸಿಎಲ್‌ಐ ಪಠ್ಯವನ್ನು ಜೊತೆಗೇ ಒಯ್ದರೂ ಯುನಿಕ್ಸ್ ಬಗೆಯ ಯಂತ್ರಗಳಲ್ಲಿ ಅದನ್ನು ರಾಫ್ ವಂಶದ ‘ಗ್ರಾಫ್’ಗೆ ಒಪ್ಪಿಸುತ್ತಿತ್ತು. ಗ್ರಾಫ್ ಇಲ್ಲದ ಕಿರಿದಾದ ಲಿನಕ್ಸ್ ಕಂಟೇನರುಗಳಲ್ಲಿ ಕೈಪಿಡಿಯ ಬದಲು ಗ್ರಾಫ್ ಸಿಗಲಿಲ್ಲವೆಂಬ ದೂರು ಬರುತ್ತಿತ್ತು.

ಕಂಟೇನರುಗಳ ಕಾಲದಲ್ಲಿ ವಿಷಯ ಮತ್ತೊಮ್ಮೆ ತಿರುಗಿತು. ಜಾಗ ಉಳಿಸಲೆಂದು ಡೆಬಿಯನ್ನಿನ ‘ಸ್ಲಿಮ್’ ಇಮೇಜುಗಳು ಮ್ಯಾನ್ ಪುಟಗಳನ್ನೇ ಬಿಟ್ಟುಬಿಟ್ಟವು. ‘ಮ್ಯಾನ್’ ಇಲ್ಲದ ಕೊರತೆ ವಿಂಡೋಸಿಗಷ್ಟೇ ಸೀಮಿತವಾಗಿ ಉಳಿಯಲಿಲ್ಲ. ಲಿನಕ್ಸಿನಲ್ಲೂ ಕೈಪಿಡಿ ಇದ್ದೇ ಇರುತ್ತದೆಂಬ ಭರವಸೆ ಹೋಯಿತು.

ರಸ್ಟ್ ಭಾಷೆಯ ‘ಕಾರ್ಗೊ’ ತಂತ್ರಾಂಶ 2020ರಲ್ಲಿ ಅಳವಡಿಸಿಕೊಂಡ ಕ್ರಮ ಈ ಎಲ್ಲ ಪಾಠಗಳನ್ನು ಕಲಿತಂತಿದೆ. ಮ್ಯಾನ್ ಪುಟ, ಸಾದಾ ಪಠ್ಯ ಎರಡೂ ಕುಗ್ಗಿಸಿದ ಕಟ್ಟಾಗಿ ಬೈನರಿಯೊಳಗೇ ಇರುತ್ತವೆ. ನೆರವು ಕೇಳಿದಾಗ ಯಂತ್ರದಲ್ಲಿ ‘ಮ್ಯಾನ್’ ಇದೆಯೇ ಎಂದು ಮೊದಲು ನೋಡುತ್ತದೆ. ಇದ್ದರೆ ಪುಟವನ್ನು ತಾತ್ಕಾಲಿಕ ಕಡತಕ್ಕೆ ಬರೆದು ಅದರ ಕೈಗೆ ಕೊಡುತ್ತದೆ. ಹಾಗಾಗಿ ಸಾಲಿನ ಉದ್ದ ಕಿಟಕಿಯ ಅಗಲಕ್ಕೆ ಹೊಂದಿಕೊಳ್ಳುತ್ತದೆ. ಇಲ್ಲದಿದ್ದರೆ ಸಾದಾ ಪಠ್ಯವನ್ನು ‘ಲೆಸ್’ಗೆ, ಅದೂ ಇಲ್ಲದಿದ್ದರೆ ‘ಮೋರ್’ಗೆ, ಯಾವುದೂ ಇಲ್ಲವೆಂದಾದರೆ ನೇರ ಪರದೆಗೆ. ವಿಂಡೋಸಿನಲ್ಲಿ ‘ಮೋರ್’ ಡಾಸ್ ಕಾಲದಿಂದಲೂ ಇರುವುದರಿಂದ ಕೊನೆಯ ಮೆಟ್ಟಿಲವರೆಗೆ ಇಳಿಯಬೇಕಾದ ಸಂದರ್ಭ ಕಡಿಮೆ. ಪಠ್ಯ ಹುಡುಕುವ ‘ರಿಪ್‌ಗ್ರೆಪ್’ 2023ರ 14ನೆಯ ಆವೃತ್ತಿಯಲ್ಲಿ ಇನ್ನೊಂದು ಹಾದಿ ಹಿಡಿಯಿತು: ಕೇಳಿದರೆ ಬೈನರಿಯೇ ತನ್ನ ಮ್ಯಾನ್ ಪುಟದ ಮೂಲವನ್ನು ಬರೆದುಕೊಡುತ್ತದೆ, ತೋರಿಸುವ ಹೊಣೆ ಕೇಳಿದವರದು.

ಕಡತವೊಂದನ್ನು ಬೈನರಿಯೊಳಗೆ ಹೂಳುವ ಕೆಲಸವನ್ನು ಭಾಷೆಗಳೇ ಹಗುರ ಮಾಡಿವೆ. ರಸ್ಟ್‌ನಲ್ಲಿ ಅದಕ್ಕೆ ಮ್ಯಾಕ್ರೊ ಇದೆ. ಗೊ ಭಾಷೆಗೆ 2021ರ 1.16 ಆವೃತ್ತಿಯಲ್ಲಿ ಆ ಸೌಲಭ್ಯ ಬಂತು. ಸಿ ಭಾಷೆಯ ಸಿ23 ಮಾನಕವೂ ‘ಎಂಬೆಡ್’ ನಿರ್ದೇಶನವನ್ನು ಸೇರಿಸಿಕೊಂಡಿದೆ. ಹೊಸ ಕಂಪೈಲರುಗಳಷ್ಟೇ ಸಾಕೆನ್ನುವ ಯೋಜನೆಗಳಿಗೆ ‘ಹ್ಯೂಜ್‌ಹೆಲ್ಪ್’ನಂಥ ಕಡತ ಬೇಕಿಲ್ಲ.

ಭಾಷೆಯ ಪ್ರಶ್ನೆ

ಒಳಗೆ ಬಂದ ಕೈಪಿಡಿ ಕಳೆದುಕೊಂಡ ಒಂದು ಸೌಲಭ್ಯ ಅನುವಾದ. ‘ಮ್ಯಾನ್’ ಬಳಕೆದಾರರ ಭಾಷೆಯ ಸೆಟ್ಟಿಂಗ್ ನೋಡಿ ಆ ಭಾಷೆಯ ಡೈರೆಕ್ಟರಿಯಲ್ಲಿ ಮೊದಲು ಹುಡುಕುತ್ತದೆ. ಜರ್ಮನ್, ಜಪಾನಿ ಪುಟಗಳನ್ನು ತಂತ್ರಾಂಶವನ್ನು ಮುಟ್ಟದೆ ಬೇರೆಯವರೇ ಸೇರಿಸಬಹುದು. ಕರ್ಲ್, ಕಾರ್ಗೊಗಳ ಒಳಗಿನ ಕೈಪಿಡಿ ಇಂಗ್ಲಿಷಿನಲ್ಲಿ ಮಾತ್ರ. ಕನ್ನಡದ ಮಟ್ಟಿಗೆ ತೊಡಕು ಇನ್ನೂ ಕೆಳಗಿನದು. ಟರ್ಮಿನಲ್ ತನ್ನ ಪರದೆಯನ್ನು ಸಮಾನ ಅಗಲದ ಚೌಕಗಳಾಗಿ ಭಾಗಿಸಿ ಲೆಕ್ಕ ಹಾಕುತ್ತದೆ. ಒತ್ತಕ್ಷರ, ಗುಣಿತಾಕ್ಷರಗಳು ಎಷ್ಟು ಚೌಕ ಹಿಡಿಯುತ್ತವೆ ಎಂಬ ಬಗ್ಗೆ ಪಠ್ಯ ಹೊಂದಿಸುವ ತಂತ್ರಾಂಶದ ಲೆಕ್ಕ ಒಂದಾದರೆ ಟರ್ಮಿನಲಿನದು ಇನ್ನೊಂದಾಗುವುದುಂಟು. ಒತ್ತುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ, ಆಯ್ಕೆಗಳ ಪಟ್ಟಿಯ ಬಲಗಡೆಯ ಕಂಬಸಾಲು ಅಂಕುಡೊಂಕಾಗುತ್ತದೆ. ಹಾರ್ಫ್‌ಬಝ್‌ನಂಥ ಅಕ್ಷರಜೋಡಣೆಯ ಲೈಬ್ರರಿಗಳು ಬ್ರೌಸರುಗಳಲ್ಲಿ ಕನ್ನಡವನ್ನು ಸರಿಯಾಗಿ ತೋರಿಸುತ್ತಿದ್ದರೂ ಅನೇಕ ಟರ್ಮಿನಲ್‌ಗಳು ಇನ್ನೂ ಅವುಗಳ ನೆರವು ಪಡೆದಿಲ್ಲ. ಹಾಗಾಗಿ ಕಮಾಂಡ್‌ಲೈನ್ ತಂತ್ರಾಂಶವೊಂದರ ಕೈಪಿಡಿ ಕನ್ನಡಕ್ಕೆ ಬಂದರೆ, ಸದ್ಯಕ್ಕೆ, ಗಿಟ್ ವಿಂಡೋಸಿನಲ್ಲಿ ಮಾಡುವಂತೆ ಬ್ರೌಸರಿಗೆ ದಾಟಿಸುವುದೇ ಅದಕ್ಕೆ ಹೆಚ್ಚು ಒಗ್ಗುವ ದಾರಿ.